ಬರೆಯದ ಕಾಗದಕ್ಕೆ ಮೂರು ನೆನಪಿನೋಲೆ

ಆ ಕಾಲಕ್ಕೆ ಲಿಂಗಸುಗೂರಿನಲ್ಲಿ ನನ್ನಷ್ಟು ಚೆಂದ ಸರಕಾರಿ ಕಾಗದ ಬರೆಯುವವನು ಇನ್ನೊಬ್ಬ ಇರಲಿಲ್ಲ. ಇದ್ದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಹೇಳಬಹುದಾಗಿದ್ದ ಹೊಟ್ಟೆಕಿಚ್ಚಿನವರೆಲ್ಲ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದಾರೆ, ಆದ್ದರಿಂದ ಈಗ ನನ್ನ ಮಾತೇ ಕೊನೆಯ ಮಾತು.

ನಿಜಾಮರ ರಾಜ್ಯ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ನಾನು ಒಂದು ಕಚೇರಿಯಲ್ಲಿ ನಕಲುಗಾರ. ಯಾವ ಕಚೇರಿ ಎಂದು ಹೇಳುವುದಿಲ್ಲ. ಲಿಂಗಸುಗೂರಿನಲ್ಲಿ ಕಚೇರಿಗಳಿಗೆ ಬರವಿರಲಿಲ್ಲ, ನಿಮಗೆ ಬೇಕಾದ್ದನ್ನು ಅಂದುಕೊಳ್ಳಿ. ಮೇಲೆ ಸಾಹೇಬರು, ಅವರ ಕೆಳಗೆ ಪೇಷ್ಕಾರ್ ಎಂದು ಕರೆಯುತ್ತಿದ್ದ ದೊಡ್ಡ ಗುಮಾಸ್ತ, ಅವನ ಕೆಳಗೆ ನಾನು. ಮೇಲಿನ ಕಚೇರಿಗೆ ಉರ್ದು, ಹಳ್ಳಿಗಳಿಗೆ ಕನ್ನಡ. ಒಂದು ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ನನ್ನ ಲೇಖಣಿ ಯಾವ ದಿಕ್ಕಿಗೆ ಹೊರಟರೂ ಎಡವುತ್ತಿರಲಿಲ್ಲ.

ಎಡವುತ್ತಿದ್ದದ್ದು ನಾನು. ಕೂತಲ್ಲಿ ಕೂರುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಚಾಪೆಯ ಮೇಲೆ ಕೂತು ಬರೆಯುವಾಗಲೂ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು.

"ಲೇ, ನಿನ್ನ ಕಾಲಿಗೆ ಒಂದು ಹೊಲಿಗಿ ಮಷೀನ ಕಟ್ಟಿದ್ರ ಇಡೀ ಲಿಂಗಸುಗೂರಿಗೆ ಅಂಗಿ ಹೊಲೀಬಹುದು ನೋಡು," ಎಂದು ಪೇಷ್ಕಾರ್ ದಿನಕ್ಕೊಮ್ಮೆ ಅನ್ನುತ್ತಿದ್ದ.

ಅವನಿಗೆ ಅದಕ್ಕೆ ತಕ್ಕ ಶಾಸ್ತಿ ಆಗಲೇ ಆಗಿತ್ತು. ಶಾಯಿ ಒಣಗಿಸುವ ಸಣ್ಣ ಮರಳಿನ ಡಬ್ಬಿಗೆ ಒಮ್ಮೆ ಸಕ್ಕರೆಯನ್ನು ಕುಟ್ಟಿ ಬೆರೆಸಿದ್ದೆ. ಎಂಟು ದಿನದಲ್ಲಿ ಅವನ ಕಪಾಟಿನ ಕಡತಗಳನ್ನೆಲ್ಲ ಇರುವೆಗಳು ಸಾಲುಗಟ್ಟಿ ತನಿಖೆ ಮಾಡಿದವು. ಯುದ್ಧಕಾಲದಲ್ಲಿ ಸಕ್ಕರೆ ಸಿಗುತ್ತಿರಲಿಲ್ಲ, ಆದರೂ ನಾನು ಹಿಂದೆ ಮುಂದೆ ನೋಡಲಿಲ್ಲ. ಕಲೆಗಾಗಿ ಮನುಷ್ಯ ಸ್ವಲ್ಪ ತ್ಯಾಗ ಮಾಡಲೇಬೇಕು.

ನನ್ನ ಕಾಗದದ ರೀತಿ ಹೇಳುತ್ತೇನೆ. ಹಾಳೆಯನ್ನು ಉದ್ದಕ್ಕೆ ಮಡಚಿ ಅರ್ಧ ಖಾಲಿ ಬಿಡುವುದು ಎಲ್ಲರೂ ಮಾಡುತ್ತಿದ್ದದ್ದು. ಆ ಅರ್ಧ, ಓದುವ ಅಧಿಕಾರಿಯು ಹುಕುಮು ಬರೆಯಲಿಕ್ಕೆ. ಉಳಿದ ಅರ್ಧದಲ್ಲಿ ನಾನು ಮೊದಲು ಎರಡು ಸಾಲು ಬಿರುದು ಹಾಕುತ್ತಿದ್ದೆ. ಆಮೇಲೆ ಒಂದು ಸಾಲು ಶುಭ. ಆಮೇಲೆ ಹಿಂದಿನ ಕಾಗದಗಳ ವಂಶಾವಳಿ. ಅದಾದ ಮೇಲೆ ಸರಕಾರದ ಘನತೆಯ ಬಗ್ಗೆ ನನಗೆ ಹೊಳೆದ ನಾಲ್ಕು ಮಾತು. ವಿಷಯ ಬರುತ್ತಿದ್ದದ್ದು ಕೊನೆಯ ಸಾಲಿನಲ್ಲಿ, ಹಾಳೆ ಮುಗಿಯುತ್ತ ಬಂದಾಗ, ಅಕ್ಷರ ಸಣ್ಣ ಮಾಡಿ. ಸಾಹೇಬರು ಓದದೆ ಸಹಿ ಹಾಕುತ್ತಿದ್ದರು. ಅಕ್ಷರ ಅಷ್ಟು ಚೆಂದ.

ಇದಕ್ಕೆ ಮೊದಲ ಕಲ್ಲು ಎಸೆದವನು ಮಸ್ಕಿಯ ಮುದುಕ. ಮಸ್ಕಿಯಲ್ಲಿ ಮನೆ ಮಾಡಿಕೊಂಡು ಹತ್ತಿರದ ಒಂದು ಸಣ್ಣ ಹಳ್ಳಿಯ ಪಟವಾರಿಕೆ, ಎಂದರೆ ಊರಿನ ಜಮೀನಿನ ಲೆಕ್ಕಪತ್ರ, ನೋಡುತ್ತಿದ್ದ. ಅಜ್ಜ, ಅಪ್ಪ, ಆಮೇಲೆ ತಾನು: ಮನೆತನದಿಂದ ಬಂದ ಕೆಲಸ. ವರ್ಷಕ್ಕೊಮ್ಮೆ ಹಳ್ಳಿಗಳ ದಫ್ತರದ, ಎಂದರೆ ಕಾಗದಪತ್ರದ ಗಂಟಿನ, ತಪಾಸಣೆಗೆ ಎಲ್ಲ ಪಟವಾರಿಗಳೂ ಲಿಂಗಸುಗೂರಿಗೆ ಬರುತ್ತಿದ್ದರು. ಆ ವರ್ಷ ಕಚೇರಿಯ ಕಟ್ಟೆಯ ಮೇಲೆ ಹತ್ತಿಪ್ಪತ್ತು ಮಂದಿ ಕೂತಿದ್ದಾಗ ಅವನು ನನ್ನನ್ನು ಬೆರಳು ಮಾಡಿ ಕರೆದ.

"ಏ ತಮ್ಮಾ, ನಮ್ಮೂರಿಗೆ ಕಾಗದಾ ಬರಿಯಾಂವ ನೀನ ಏನು?"

"ಹೌದ್ರಿ ಕಾಕಾ. ಯಾಕ, ಅಕ್ಷರ ಚೆಂದ ಅದಾವಲ್ಲ?"

"ಚೆಂದ ಅದಾವಪಾ. ಮದುವಿ ಮೆರವಣಿಗಿ ಇದ್ದಂಗ ಅದಾವ. ಹಲಗಿ ಬಂತು, ಕುದುರಿ ಬಂತು, ದೀಪದವ್ರು ಬಂದ್ರು. ಮದುಮಗಾ ಮಾತ್ರ ಕಡೀಕ ಬರ್ತಾನ, ಅದೂ ನಡಕೊಂತ. ಅಷ್ಟೊತ್ತಿಗೆ ನೋಡಾವ್ರು ಮನೀಗಿ ಹೋಗಿ ಮಲಗಿರ್ತಾರ."

ಕಟ್ಟೆಯ ಮೇಲೆ ನಗು ಶುರುವಾಯಿತು.

"ಸರಕಾರದ ಕಾಗದಕ್ಕ ಗತ್ತು ಬ್ಯಾಡೇನ್ರಿ?" ಎಂದೆ.

"ಗತ್ತು ಸಾಹೇಬ್ರ ಸಹಿಗೆ ಐತಿ, ನಿನಗ್ಯಾಕ? ಹೋದ ತಿಂಗಳ ನಿನ್ನ ಕಾಗದಾ ಮೂರ್ ಸರ್ತಿ ಓದೀನಿ. ಊರಾಗ ಬಂಡಿ ಎಷ್ಟ ಅದಾವ ಅಂತ ಕೇಳಿದ್ದಿ. ಅದನ್ನ ಕೆಳಗ ಮೂಲ್ಯಾಗ ಸಿಗಸಿದ್ದಿ. ಸಾಹೇಬ್ರು ನನ್ನ ಕುಶಲಾ ಕೇಳ್ಯಾರ ಅಂತ ತಿಳದು 'ಆರಾಮ ಅದೀವಿ' ಅಂತ ಬರದು ಕಳಿಸಾಂವ ಇದ್ದೆ."

ಈಗ ಚಪರಾಸಿಯೂ ನಕ್ಕ. ಪೇಷ್ಕಾರ್ ಅಂತೂ ಕಣ್ಣೊರೆಸಿಕೊಂಡ. ಮುದುಕ ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ. ಆದರೆ ಅವನು ತನ್ನ ಕೆಂಪು ಅರಿವೆಯ ಗಂಟು ಬಿಚ್ಚಿದ. ಒಳಗೆ ಸರಕಾರದಿಂದ ಬಂದ ಒಂದೊಂದು ಕಾಗದವೂ ಮೂಲೆಯಲ್ಲಿ ದಬ್ಬಣದಿಂದ ಚುಚ್ಚಿಸಿಕೊಂಡು, ದಾರದಲ್ಲಿ ಪೋಣಿಸಿಕೊಂಡು, ತಾರೀಖಿನ ಪ್ರಕಾರ ಕೂತಿತ್ತು.

"ಮೂವತ್ತ ವರ್ಷ ಆತು. ನನ್ನ ದಫ್ತರದಾಗಿಂದ ಒಂದು ಕಾಗದಾ ಕಳದಿಲ್ಲ. ಹೊಕ್ಕಿದ್ದು ಹೊಕ್ಕಂಗ ಐತಿ," ಎಂದ.

ಜಂಬ ಕೊಚ್ಚುವ ಹಕ್ಕು ಆ ಕಚೇರಿಯಲ್ಲಿ ನನ್ನೊಬ್ಬನದು. ಮೊಣಕಾಲು ಕುಣಿಯತೊಡಗಿತು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹೊರಗೆ ಹೋಗುವ ಪ್ರತಿ ಕಾಗದಕ್ಕೂ ಒಂದು ದಪ್ಪ ಪುಸ್ತಕದಲ್ಲಿ ನಂಬರು ಹಾಕಿ ವಿಷಯ ಬರೆಯಬೇಕು. ಶುಕ್ರವಾರ ರಜೆ. ಹಾಗಾಗಿ ಪ್ರತಿ ಗುರುವಾರ ಸಂಜೆ ಪುಸ್ತಕ ಮುಚ್ಚುವ ಮುಂಚೆ ಒಂದು ನಂಬರನ್ನು ಬರೆದು ಅದರ ಮುಂದಿನ ಜಾಗ ಖಾಲಿ ಬಿಡುತ್ತಿದ್ದೆವು. ಮೇಲಿನವರು "ಇಂಥ ಕಾಗದ ಯಾಕೆ ಕಳಿಸಲಿಲ್ಲ" ಎಂದು ಕೇಳಿದರೆ, "ಹಿಂದಿನ ವಾರವೇ ಕಳಿಸಿದೆವಲ್ಲ" ಎಂದು ಹೇಳಿ, ಹಳೆಯ ತಾರೀಖಿನಲ್ಲಿ ಬರೆದು, ಆ ನಂಬರಿನಲ್ಲಿ ಕೂರಿಸುವುದು. ಸಾಹೇಬರು ಬಾಯಿ ಬಿಟ್ಟು ಹೇಳಿದ್ದಲ್ಲ. ಆದರೆ ಖಾಲಿ ನಂಬರು ಇಲ್ಲದ ವಾರ ಅವರ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ.

ಅಂಥ ಒಂದು ಖಾಲಿ ನಂಬರು ೨೧೭.

ಮುದುಕ ಮಸ್ಕಿಗೆ ಮರಳಿ ಎಂಟು ದಿನವಾಗಿತ್ತು. ಅವನಿಗೆ ನೆನಪಿನೋಲೆ ಕಳಿಸಿದೆ. ಬಿರುದು, ಶುಭ, ಘನತೆ ಎಲ್ಲ ಆದ ಮೇಲೆ ಕೊನೆಯ ಸಾಲು: ಈ ಕಚೇರಿಯಿಂದ ತಮಗೆ ರವಾನೆಯಾದ ೨೧೭ನೇ ನಂಬರಿನ ಕಾಗದಕ್ಕೆ ಇದುವರೆಗೆ ಜವಾಬು ಬಂದಿಲ್ಲ. ಸಾಹೇಬರ ಮುಂದೆ ಇಟ್ಟ ಹದಿನೈದು ಕಾಗದಗಳ ನಡುವೆ ಅದನ್ನೂ ಇಟ್ಟೆ. ಸಹಿ ಬಿತ್ತು.

ನಾನು ಎಣಿಸಿದ್ದು ಇಷ್ಟೇ. ಮುದುಕ ಗಾಬರಿಯಾಗಿ "ಯಾವ ಕಾಗದ? ನನಗೆ ಬಂದಿಲ್ಲವಲ್ಲ" ಎಂದು ಬರೆಯುತ್ತಾನೆ. ನಾನು ಅದನ್ನು ಕಟ್ಟೆಯ ಮೇಲೆ ಓದುತ್ತೇನೆ. "ಮೂವತ್ತ ವರ್ಷದ ದಫ್ತರಾ ನೋಡ್ರಪೋ" ಎನ್ನುತ್ತೇನೆ. ಒಂದು ದಿನದ ನಗು, ಮುಗಿಯಿತು.

ನಾಲ್ಕನೇ ದಿನ ಅವನ ಜವಾಬು ಬಂತು. ಒಂದೇ ಸಾಲು: "೨೧೭ನೇ ನಂಬರಿನ ಕಾಗದದ ತಾಮೀಲು ನಡೆದಿದೆ."

ತಾಮೀಲು ಎಂದರೆ ಹುಕುಮಿನಂತೆ ನಡೆದುಕೊಳ್ಳುವುದು. ಇಲ್ಲದ ಹುಕುಮಿನಂತೆ ಮುದುಕ ಮಸ್ಕಿಯಲ್ಲಿ ನಡೆದುಕೊಳ್ಳುತ್ತಿದ್ದ! ನಾನು ನಕ್ಕ ನಗೆಗೆ ಕಚೇರಿಯ ಪಾರಿವಾಳ ಹಾರಿದವು. ಸರಕಾರದ ಕಾಗದ ಕಳೆದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಸುಳ್ಳು ಬರೆಯುವುದು ಅವನಿಗೆ ಹಗುರವಾಗಿತ್ತು. ಯಾರಿಗಾದರೂ ಹಗುರವೇ. ಕಾಗದ ಕಳೆದ ಪಟವಾರಿಯ ಕೆಲಸ ಹೋಗುತ್ತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡನೇ ನೆನಪಿನೋಲೆ ಕಳಿಸಿದೆ. ಎಂಥ ತಾಮೀಲು ಎಂದು ನೋಡೋಣ ಎಂಬ ತುರಿಕೆ.

"ತಾಮೀಲು ಮುಗಿಯುತ್ತ ಬಂದಿದೆ. ಶೀಘ್ರ ತಿಳಿಸಲಾಗುವುದು," ಎಂದು ಬಂತು. ಈ ಸಲ ಅಕ್ಷರ ನಡುಗಿದ್ದವು. ಮುದುಕನ ಅಕ್ಷರ ಕಲ್ಲಿನಲ್ಲಿ ಕಡಿದಂತೆ ಇರುತ್ತಿದ್ದವು. ಇವು ಗಾಳಿಯಲ್ಲಿ ಒಣಹಾಕಿದ ಬಟ್ಟೆಯ ಹಾಗೆ ಇದ್ದವು. ನಾನು ನಗಲಿಲ್ಲ. ಇನ್ನು ಸಾಕು, ಇಲ್ಲಿಗೆ ನಿಲ್ಲಿಸೋಣ ಎಂದುಕೊಂಡೆ.

ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ. ಎರಡು ನೆನಪಿನೋಲೆಗೆ ಸರಿಯಾದ ಜವಾಬು ಬರದಿದ್ದರೆ ಮೂರನೆಯದು ಪೇಷ್ಕಾರನ ಹುಕುಮಿನಿಂದ, ಕೆಂಪು ಶಾಯಿಯಲ್ಲಿ. ಅದು ನೇಮ. ಪೇಷ್ಕಾರ್ ಕಡತ ತಿರುವಿ ಹಾಕುತ್ತ ಅದನ್ನು ಹಿಡಿದುಬಿಟ್ಟ.

"ಬರಿ," ಎಂದ. "ಬರೋ ಶನಿವಾರ ಪಟವಾರಿ ದಫ್ತರ ತಗೊಂಡು ಖುದ್ದು ಹಾಜರ ಆಗಬೇಕು. ೨೧೭ನೇ ಕಾಗದಾ ತೋರಸಬೇಕು. ತೋರಸದಿದ್ರ ಪಟವಾರಿಕಿ ತಗದು ಅವನ ದಾಯಾದಿ ಹೆಸರಿಗೆ ಮಾಡಾಕ ಮ್ಯಾಲೆ ಬರಿಯಲಾಗುವುದು."

"ದಾಯಾದಿ ಹೆಸರಿಗಾ?"

"ಆಂವ ನಿನ್ನೆ ಬಂದು ಹೋಗ್ಯಾನ. ಚಾ ಕುಡಿಸ್ಯಾನ. ಯಾಕಲೇ, ಲೇಖಣಿ ನಿಂತತಿ?"

ಲೇಖಣಿ ನಿಂತಿತ್ತು. ಕಾಲೂ ನಿಂತಿತ್ತು. ಹುಟ್ಟಿದಾಗಿನಿಂದ ಅದೇ ಮೊದಲು. "ಆ ಕಾಗದ ಬರೆದೇ ಇಲ್ಲ" ಎನ್ನುವ ನಾಲ್ಕು ಶಬ್ದ ನಾಲಿಗೆಯ ತುದಿಗೆ ಬಂದವು. ಬಂದು, ಒಳಗೆ ಹೋದವು. ನನ್ನ ಕೈಯಿಂದಲೇ, ನನ್ನ ಚೆಂದದ ಅಕ್ಷರದಲ್ಲೇ, ಕೆಂಪು ಶಾಯಿಯಲ್ಲಿ ಬರೆದೆ. ಚಪರಾಸಿ ಚೀಲಕ್ಕೆ ಹಾಕಿಕೊಂಡು ಹೊರಟ.

ಆ ವಾರ ನಾನು ಎಲ್ಲಿಯೂ ಕೂರಲಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದೆ. ಒಂದು ಕಾಗದದಲ್ಲಿ ಸಾಹೇಬರ ಬಿರುದನ್ನು ಎರಡು ಸಲ ಬರೆದೆ. ಇನ್ನೊಂದರಲ್ಲಿ ಒಂದು ಸಲವೂ ಬರೆಯಲಿಲ್ಲ. ಬುಧವಾರ ಒಂದು ಉಪಾಯ ಹೊಳೆಯಿತು. ೨೧೭ ಇನ್ನೂ ಖಾಲಿ ಇದೆಯಲ್ಲ. ಹಳೆಯ ತಾರೀಖಿನ ಒಂದು ಕಾಗದ ಬರೆದರೆ? ಅದನ್ನು ಮುದುಕನ ಗಂಟಿನೊಳಗೆ ಹೇಗಾದರೂ ತೂರಿಸಿದರೆ? ಗುರುವಾರ ಬರೆದೆ. ಊರಿನಲ್ಲಿ ಕುಡಿಯುವ ನೀರಿನ ಬಾವಿ ಎಷ್ಟು ಎಂದು ಕೇಳುವ ಕಾಗದ. ನನ್ನ ಎಂದಿನ ಪ್ರಕಾರ, ಸಕಲ ಮೆರವಣಿಗೆ ಸಹಿತ. ಪುಸ್ತಕದ ಖಾಲಿ ಜಾಗವನ್ನು ಶನಿವಾರ ಬೆಳಿಗ್ಗೆ ತುಂಬಿದರಾಯಿತು ಎಂದು, ಸಂಜೆ ಸಹಿಗೆ ಹೋಗುವ ಕಾಗದಗಳ ನಡುವೆ ಅದನ್ನು ಇಟ್ಟೆ. ಸಹಿ ಬಿತ್ತು.

ಶುಕ್ರವಾರ ಬೆಳಿಗ್ಗೆ ಮಸ್ಕಿಯ ಬಸ್ಸು ಹತ್ತಿದೆ. ಪೆಟ್ರೋಲು ಯುದ್ಧಕ್ಕೆ ಹೋಗುತ್ತಿದ್ದ ಕಾಲ. ಬಸ್ಸಿನ ಬೆನ್ನಿಗೆ ಒಂದು ಇದ್ದಲಿನ ಒಲೆ ಕಟ್ಟಿರುತ್ತಿತ್ತು, ಅದರ ಹೊಗೆಯ ಶಕ್ತಿಯಿಂದ ನಡೆಯಬೇಕು. ಏರು ಬಂದಾಗಲೆಲ್ಲ ನಿಲ್ಲುತ್ತಿತ್ತು. ಕ್ಲೀನರ್ ಇಳಿದು ಒಲೆಗೆ ತಿದಿಯೊತ್ತುತ್ತಿದ್ದ. ನಾನು ಇಳಿದು ಅವನ ಸುತ್ತ ತಿರುಗುತ್ತಿದ್ದೆ.

"ನೀ ಯಾಕ್ ಇಷ್ಟ ಕುಣದಾಡಾಕತ್ತೀಯೋ? ಹೆಂಡತಿ ಹಡಿಯಾಕತ್ತಾಳೇನು?" ಎಂದ.

"ಕಾಗದಾ ಒಯ್ಯಾಕತ್ತೀನಿ. ಲಗೂ ಊದು."

"ಕಾಗದಾ ಏನ್ ಓಡಿ ಹೊಕ್ಕತೇನು? ಕುಂದರು."

ಕೂರಲಿಲ್ಲ. ಎರೆಹೊಲದಲ್ಲಿ ಜೋಳದ ಕೂಳೆ ಒಣಗಿ ನಿಂತಿದ್ದವು. ನಾಲ್ಕನೇ ಸಲ ಬಸ್ಸು ನಿಂತಾಗ, ಮಸ್ಕಿಯ ಗುಡ್ಡ ಕಾಣುತ್ತಿದೆಯಲ್ಲ ಎಂದು ನಡೆದೇ ಹೊರಟೆ. ಸ್ವಲ್ಪ ಹೊತ್ತಿನಲ್ಲಿ ಬಸ್ಸು ನನ್ನನ್ನು ದಾಟಿತು. ಕ್ಲೀನರ್ ಕೈಬೀಸಿ ನಕ್ಕ. ಅವನ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಮುದುಕನ ಮನೆಯ ಅಂಗಳ ತುಂಬ ಕಾಗದ. ಮೂವತ್ತು ವರ್ಷದ ದಫ್ತರ ದಾರ ಬಿಚ್ಚಿಸಿಕೊಂಡು ನೆಲಕ್ಕೆ ಬಿದ್ದಿತ್ತು. ಒಂದೊಂದರ ಮೇಲೂ ಹಾರದಂತೆ ಒಂದೊಂದು ಕಲ್ಲು. ನಡುವೆ ಮುದುಕ ಮೊಣಕಾಲೂರಿ ಕೂತು ಒಂದೊಂದೇ ಕಲ್ಲೆತ್ತಿ, ನೋಡಿ, ಮತ್ತೆ ಕಲ್ಲಿಡುತ್ತಿದ್ದ. ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ನಾನು ಕಚೇರಿಯವನು ಎಂದು ತಿಳಿದೊಡನೆ ಶುರು ಮಾಡಿದಳು.

"ಬಂದಿ ಏನಪಾ? ನೋಡು ನಿಮ್ಮ ಕಾಗದದ ಕಾಲಾಗ ಈ ಮನಿ ಏನಾಗೈತಿ ಅಂತ. ಜೋಳದ ಹಗೇವದಾಗ ಇಳದು ಹುಡುಕ್ಯಾರ. ನನ್ನ ಸೀರಿ ಗಂಟು ಬಿಚ್ಚಿ ಝಾಡಿಸ್ಯಾರ. ಆಡು ತಿಂದಿರಬೇಕು ಅಂತ ಎರಡು ದಿನ ಆಡಿನ ಹಿಂದ ತಿರಗ್ಯಾರ. ಮೂರ್ ದಿನಾ ಆತು, ಅಂಬಲಿ ಸೈತ ಮುಟ್ಟಿಲ್ಲ."

"ನೀ ಸುಮ್ಕಿರು," ಎಂದ ಮುದುಕ. ನನ್ನನ್ನು ನೋಡಿ ಏಳಲಿಕ್ಕೆ ಹೋದ, ಏಳಲಾಗಲಿಲ್ಲ. "ತಮ್ಮಾ, ನೀ ಬಂದಿದ್ದ ಚಲೋ ಆತು. ಆ ಕಾಗದದಾಗ ಏನ ಇತ್ತು? ನಿನಗ ನೆನಪಿದ್ರ ಹೇಳು. ನನ್ನ ತಲಿ ಹೋಗೈತಿ. ಬಂದ ನೆನಪಿಲ್ಲ, ಓದಿದ ನೆನಪಿಲ್ಲ. ನಾಳಿ ನನ್ನ ಅಪ್ಪನ ಕೆಲಸಾ ಹೋಗತೈತಿ, ಅದು ಹೋಗಲಿ. ಆದ್ರ ನೆನಪು ಹಿಂಗ ಹೋದ್ರ ಹೆಂಗೋ?"

ನಾನು ಅಂದುಕೊಂಡು ಬಂದದ್ದು, ಹುಡುಕುವ ನೆವದಲ್ಲಿ ಕಾಗದ ತೂರಿಸಿ "ಇಲ್ಲೈತಲ್ರಿ" ಎನ್ನಬೇಕೆಂದು. ಅಂಗಿಯೊಳಗಿನಿಂದ ತೆಗೆದು ಒಂದು ಕಲ್ಲಿನ ಕೆಳಗೆ ಇಟ್ಟೆ ಕೂಡ. ಕೈಚಳಕದಲ್ಲಿ ನನ್ನನ್ನು ಮೀರಿಸಿದವರಿಲ್ಲ.

"ಇಲ್ಲೈತಲ್ರಿ ಕಾಕಾ," ಎಂದೆ.

ಮುದುಕ ತೆವಳಿಕೊಂಡು ಬಂದ. ಕಾಗದ ಹಿಡಿದ. ಓದಲಿಲ್ಲ. ಹೆಬ್ಬೆರಳಿನಿಂದ ಮೂಲೆ ಸವರಿದ. ಅಲ್ಲಿ ದಬ್ಬಣದ ತೂತು ಇರಲಿಲ್ಲ.

ಆಡು ಒಂದು ಕಾಗದದ ಅಂಚು ಮೂಸಿತು. ಯಾರೂ ಓಡಿಸಲಿಲ್ಲ.

"ಇದು ಯಾವಾಗ ಬರದಿದ್ದು?" ಎಂದ.

"ನಿನ್ನೆ."

"ಅದಕ್ಕಿಂತ ಮೊದಲಿನದು?"

"ಅದು ಇಲ್ರಿ. ಬರದಿಲ್ಲ. ಬರೇ ನೆನಪಿನೋಲೆ ಕಳಿಸೀನಿ. ಚ್ಯಾಷ್ಟಿಗೆ."

ಬೈಗುಳ ಬರುತ್ತದೆ ಎಂದು ಕತ್ತು ತಗ್ಗಿಸಿ ನಿಂತೆ. ಹೊಡೆತ ಬಂದರೂ ಸರಿ ಎಂದು ಅನಿಸಿತ್ತು. ಮುದುಕ ಹೆಂಡತಿಯ ಕಡೆ ತಿರುಗಿದ.

"ಏ, ಕೇಳಿದೇನ? ನಾ ಕಳದಿಲ್ಲಂತ. ತಲಿ ಚಲೋ ಐತಿ. ಅಂಬಲಿ ತಾ."

ಅವನು ಅಂಬಲಿ ಕುಡಿದ. ಎರಡು ಬಟ್ಟಲು. ನಾನು ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದೆ. ಅವನ ಹೆಂಡತಿ ಒಳಗಿನಿಂದ ಬೈದ ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಎರಡನ್ನು ಮಾತ್ರ ನಾನು ಮುಂದೆ ಬೇರೆಯವರ ಮೇಲೆ ಉಪಯೋಗಿಸಿದ್ದೇನೆ, ಬಹಳ ಪರಿಣಾಮಕಾರಿ.

ಬಟ್ಟಲು ಕೆಳಗಿಟ್ಟು ಮುದುಕ ನನ್ನ ಬಾವಿಯ ಕಾಗದವನ್ನು ನಾಲ್ಕು ತುಂಡು ಮಾಡಿದ.

"ಹಂಗ್ಯಾಕ್ ಮಾಡಿದ್ರಿ? ನಾಳಿ ಇದನ್ನ ತೋರಿಸಿದ್ರ ಮುಗದ್ಹೋಗ್ತಿತ್ತು!"

"ಬಾರದ ಕಾಗದಾ ಬಂದೈತಿ ಅಂತ ನನ್ನ ದಾರದಾಗ ಪೋಣಸಂಗಿಲ್ಲ. ಕುಂದರು. ನಡದಿದ್ದು ಬರಿ. ಸಾಹೇಬ್ರಿಗೆ."

ಕೂತೆ. ಬರೆದೆ. ಬಿರುದು, ಶುಭ, ಘನತೆ. ಕೊನೆಯ ಸಾಲಿನಲ್ಲಿ, ಕಚೇರಿಯ ಕೆಲಸದ ಒತ್ತಡದಲ್ಲಿ ಒಂದು ಸಣ್ಣ ಪ್ರಮಾದ ಜರುಗಿರುವಂತೆ ತೋರುತ್ತದೆ ಎಂದು ಬರೆದೆ. ಮುದುಕ ಓದಿ ಹರಿದ.

"ಮದುಮಗಾ ಎಲ್ಲ್ಯಾನ?"

ಎರಡನೆಯದು ಬರೆದೆ. ಬಿರುದು ಒಂದು ಸಾಲಿಗೆ ಇಳಿಸಿದೆ. ಹರಿದ. ಮೂರನೆಯದರಲ್ಲಿ ಶುಭ ತೆಗೆದೆ, ಆದರೂ ನಾನು ಹಾಳೆಯ ಕೆಳಗಿನ ಮೂಲೆಯಲ್ಲೇ ಅಡಗಿದ್ದೆ. ಅದನ್ನೂ ಹರಿದ. ಆಡು ತುಂಡುಗಳನ್ನು ತಿನ್ನುತ್ತಿತ್ತು. ಅದೊಂದಕ್ಕೇ ನನ್ನ ಶೈಲಿ ಹಿಡಿಸಿತ್ತು.

"ಕಾಕಾ, ನನಗ ಬರಂಗಿಲ್ರಿ," ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅದೊಂದೇ ಸಲ.

ಮುದುಕ ಗುಡ್ಡದ ಕಡೆ ಕೈ ತೋರಿಸಿದ. "ಅಲ್ಲಿ ಹಳೇ ಕಾಲದ ಅರಸ ಬರಸಿದ ಕಲ್ಲು ಐತಿ, ನೋಡೀಯೇನು? ಓದಾಕ ಬಂದ ಪಂಡಿತ್ರಿಗೆ ನೀರು ಕೊಟ್ಟಾಂವ ನಾನು. ಅವ್ರು ಹೇಳಿದ್ರು: ಬ್ಯಾರೇ ಊರ ಕಲ್ಲಿನ್ಯಾಗ ಅರಸ ಬರೇ ಬಿರುದು ಹಾಕ್ಯಾನಂತ. ಈತ ಯಾರು ಅಂತ ಯಾರಿಗೂ ಗೊತ್ತಾಗಿರಲಿಲ್ಲಂತ. ನಮ್ಮೂರ ಕಲ್ಲಿನ್ಯಾಗ ಮೊದಲನೇ ಸಾಲಿಗೆ ತನ್ನ ಹೆಸರು ಹೇಳ್ಯಾನ. ಅಷ್ಟ ದೊಡ್ಡ ಅರಸ. ಆಂವಗ ಆಗಿದ್ದು ನಿನಗ್ಯಾಕ ಆಗವಲ್ದು?"

ನಾನು ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದೆ. ಆಮೇಲೆ ಬರೆದೆ: ೨೧೭ನೇ ನಂಬರಿನ ಕಾಗದವನ್ನು ನಾನು ಬರೆದಿಲ್ಲ, ಕಳಿಸಿಲ್ಲ. ಎರಡು ನೆನಪಿನೋಲೆಗಳನ್ನು ಪಟವಾರಿಯನ್ನು ಕಾಡಿಸಲಿಕ್ಕೆ ನಾನೇ ಕಳಿಸಿದೆ. ಅವರ ದಫ್ತರದಿಂದ ಯಾವ ಕಾಗದವೂ ಕಳೆದಿಲ್ಲ.

ಹೆಸರಿನ ಕೆಳಗೆ ಮೂರು ಸಾಲು. ಹಾಳೆಯ ತುಂಬ ಬಿಳಿ ಉಳಿದದ್ದನ್ನು ನೋಡಿ ನನಗೆ ನಾಚಿಕೆಯಾಯಿತು, ಬಟ್ಟೆಯಿಲ್ಲದೆ ಬೀದಿಗೆ ಬಂದಂತೆ. ಕೈಯ ರೂಢಿಯಿಂದ ಅದರ ಒಂದು ನಕಲನ್ನೂ ಮಾಡಿ ಅಂಗಿಯೊಳಗೆ ಇಟ್ಟುಕೊಂಡೆ. ನಕಲುಗಾರ ಸ್ವರ್ಗಕ್ಕೆ ಹೋದರೂ ನಕಲು ಇಟ್ಟುಕೊಂಡೇ ಹೋಗುತ್ತಾನೆ. ಮುದುಕ ಮೂಲ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡ. ತೋರಿಸುತ್ತಾನೋ ಇಲ್ಲವೋ ಹೇಳಲಿಲ್ಲ. ನಾನು ಕೇಳಲಿಲ್ಲ.

ಶನಿವಾರ. ಕಚೇರಿಯ ಹೊರಗೆ ಕಟ್ಟೆಯ ಮೇಲೆ ದಾಯಾದಿ ಹೊಸ ರುಮಾಲು ಸುತ್ತಿಕೊಂಡು ಕೂತಿದ್ದ. ಒಳಗೆ ಮುದುಕ ಗಂಟು ಮುಂದಿಟ್ಟುಕೊಂಡು ನಿಂತಿದ್ದ. ನಾನು ಬಾಗಿಲ ಹತ್ತಿರ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ.

"೨೧೭ ಕಹಾಂ ಹೈ, ಪಟವಾರಿ? ತೋರಿಸು," ಎಂದರು ಸಾಹೇಬರು.

"ಅದು ನನಗ ಮುಟ್ಟಿಲ್ರಿ."

"ಮುಟ್ಟಿಲ್ಲ? ಮತ್ತೆ ತಾಮೀಲು ನಡೆದಿದೆ ಅಂತ ಬರೆದದ್ದು ಯಾರು?"

"ನಾನ ರೀ. ಎರಡ ಸರ್ತಿ ಸುಳ್ಳ ಬರದೀನಿ. ಮುಟ್ಟಿಲ್ಲ ಅಂತ ಬರಿಯಾಕ ಧೈರ್ಯ ಆಗಲಿಲ್ಲ. ಅದು ನನ್ನ ತಪ್ಪು."

ಪೇಷ್ಕಾರ್ ಗಂಟಲು ಸರಿಮಾಡಿಕೊಂಡ. "ಹುಜೂರ್, ಒಪ್ಪಿಕೊಂಡಾನ. ದಾಯಾದಿ ಹೊರಗ ಅದಾನ."

ಮುದುಕನ ಕೈ ಕಿಸೆಯ ಮೇಲೆ ಬಂತು. ಅಲ್ಲೇ ನಿಂತಿತು. ಒಳಗೆ ಹೋಗಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಾಲು ತಾನಾಗಿಯೇ ನಡೆಯಿತು. ಜೀವಮಾನದಲ್ಲಿ ಆ ಕಾಲಿನಿಂದ ಆದ ಒಂದೇ ಒಳ್ಳೆಯ ಕೆಲಸ. ನಕಲನ್ನು ತೆಗೆದು ಸಾಹೇಬರ ಮುಂದೆ ಇಟ್ಟೆ.

ಅವರು ಓದಿದರು. ನನ್ನ ಕಾಗದವನ್ನು ಅವರು ಓದಿದ್ದು ಅದೇ ಮೊದಲು. ಮೂರೇ ಸಾಲು, ತಪ್ಪಿಸಿಕೊಳ್ಳಲಿಕ್ಕೆ ಆಗಲಿಲ್ಲ. ಮುಖ ಕೆಂಪಾಯಿತು.

"ಪುಸ್ತಕ ತೆಗಿ," ಎಂದರು.

ಪೇಷ್ಕಾರ್ ನಂಬರಿನ ಪುಸ್ತಕ ತೆರೆದ. ೨೧೬, ಅದರ ಮುಂದೆ ವಿಷಯ. ೨೧೮, ಅದರ ಮುಂದೆ ವಿಷಯ. ನಡುವೆ ೨೧೭, ಅದರ ಮುಂದೆ ಬಿಳಿ.

"ಯೇ ಖಾಲಿ ಕ್ಯೂಂ ಹೈ? ಯಾಕೆ ಖಾಲಿ?" ಎಂದು ಕೇಳಿದರು. ಕೇಳಿದ ಮೇಲೆ ಅವರಿಗೇ ನೆನಪಾಯಿತು. ಹಾಳೆ ಹಿಂದಕ್ಕೆ ತಿರುವಿದರು. ಅದರ ಹಿಂದಿನ ವಾರ ಒಂದು ಖಾಲಿ. ಮುಂದಕ್ಕೆ ತಿರುವಿದರು. ಮುಂದಿನ ವಾರ ಒಂದು ಖಾಲಿ. ನನ್ನನ್ನು ತೆಗೆದುಹಾಕಬೇಕಾದರೆ ಕಾರಣ ಮೇಲೆ ಬರೆಯಬೇಕು. ಬರೆದರೆ ಮೇಲಿನವರು ಪುಸ್ತಕ ತರಿಸುತ್ತಾರೆ. ಮುದುಕನನ್ನು ತೆಗೆದುಹಾಕಬೇಕಾದರೂ ಅದೇ ಪುಸ್ತಕ. ಸಾಹೇಬರು ಪೇಷ್ಕಾರನನ್ನು ನೋಡಿದರು. ಪೇಷ್ಕಾರ್ ಗೋಡೆಯ ಗಡಿಯಾರ ನೋಡಿದ. ಗಡಿಯಾರ ನಿಂತು ಎರಡು ವರ್ಷವಾಗಿತ್ತು.

ಕೊನೆಗೆ ಸಾಹೇಬರು ನನ್ನ ಮೂರು ಸಾಲಿನ ಕಾಗದಕ್ಕೇ ೨೧೭ ಎಂದು ನಂಬರು ಹಾಕಿದರು. ಖಾಲಿ ಅರ್ಧದಲ್ಲಿ "ದಾಖಲ್ ದಫ್ತರ್" ಎಂದು ಬರೆದರು. ಕಡತಕ್ಕೆ ಸೇರಿಸಿ, ವಿಷಯ ಮುಗಿಯಿತು ಎಂದು ಅದರ ಅರ್ಥ. ಆಮೇಲೆ ಇನ್ನೊಂದು ಹಾಳೆ ತೆಗೆದು ನನ್ನನ್ನು ಸಿಂಧನೂರಿನ ಕಚೇರಿಗೆ ಕಳಿಸಿದರು, ಎಂಟು ದಿನದೊಳಗೆ. ಅದರಲ್ಲಿ ಒಂದು ಬಿರುದೂ ಇರಲಿಲ್ಲ.

ಹೊರಗೆ ದಾಯಾದಿ ರುಮಾಲು ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದ. ಮುದುಕ ಗಂಟು ಕಟ್ಟಿ ಹೆಗಲಿಗೇರಿಸಿದ.

"ಕಾಕಾ, ನಿಮ್ಮ ಕಿಸೆದಾಗಿನ ಕಾಗದಾ ಕೊಡ್ರಿ. ಅದರ ಕೆಲಸಾ ಮುಗೀತಲ್ಲ."

"ಅದಾ? ಈಗ ಗಂಟು ಕಟ್ಟೂಮುಂದ ಪೋಣಿಸೀನಿ. ನನ್ನ ದಫ್ತರದಾಗಿಂದ ಕಾಗದಾ ಹೊರಗ ಹೋಗಂಗಿಲ್ಲ, ಗೊತ್ತಿಲ್ಲೇನು?" ಎಂದು ನಡೆದೇ ಬಿಟ್ಟ.

ಸಿಂಧನೂರಿಗೆ ಆಗ ಕಾಲುವೆಯ ನೀರು ಬಂದಿರಲಿಲ್ಲ. ಜೋಳ, ಹತ್ತಿ, ಧೂಳು. ಹೊಸ ಕಚೇರಿಯಲ್ಲಿ ನನಗೆ ಬರೆಯುವ ಕೆಲಸ ಕೊಡಲಿಲ್ಲ. ಒಳಗೆ ಬರುವ ಕಾಗದಗಳನ್ನು ಎಣಿಸಿ ಕಪಾಟಿನಲ್ಲಿ ಇಡುವ ಕೆಲಸ. ಅಲ್ಲಿ ನನ್ನ ಕೀರ್ತಿ ಗೊತ್ತಿರಲಿಲ್ಲ, ನಾನೇ ಹೇಳಬೇಕಾಯಿತು. ಹೇಳಿದೆ. ಎರಡು ತಿಂಗಳು ಹೀಗೆ ಕಳೆಯಿತು.

ಒಂದು ಬೆಳಿಗ್ಗೆ ಮಸ್ಕಿಯಿಂದ ಕಾಗದ ಬಂತು. ಮೊದಲ ಸಾಲಿನಲ್ಲಿ ಮುದುಕನ ಹೆಸರು. ಎರಡನೆಯ ಸಾಲು: "ನನ್ನ ೩೧ನೇ ನಂಬರಿನ ಕಾಗದಕ್ಕೆ ನಿಮ್ಮ ಕಚೇರಿಯಿಂದ ಜವಾಬು ಬಂದಿಲ್ಲ. ಎರಡು ದಿನದಲ್ಲಿ ಬಾರದಿದ್ದರೆ ಮೇಲೆ ಬರೆಯುವೆನು."

ಒಳಗೆ ಬರುವ ಕಾಗದಕ್ಕೆ ಜವಾಬುದಾರ ನಾನು. ಮೂವತ್ತೊಂದು ಎಲ್ಲಿ ಹೋಯಿತು? ಕಪಾಟು ತೆಗೆದೆ. ಚಪರಾಸಿಯ ಚೀಲ ಬೋರಲು ಹಾಕಿದೆ. ಚಾಪೆ ಎತ್ತಿದೆ. ಪಕ್ಕದ ಗುಮಾಸ್ತನನ್ನು ಎಬ್ಬಿಸಿ ಅವನ ಕೆಳಗೆ ನೋಡಿದೆ. ಮರುದಿನವೂ ಹುಡುಕಿದೆ. ಮಧ್ಯಾಹ್ನದ ಹೊತ್ತಿಗೆ ಕಪಾಟಿನ ಹಿಂದೆ ಮೊಣಕೈವರೆಗೆ ಧೂಳಿನಲ್ಲಿ ಕೈಹಾಕಿ ಕೂತಿದ್ದೆ. ಹೋಗಲಿ, "ತಾಮೀಲು ನಡೆದಿದೆ" ಎಂದು ಬರೆದುಬಿಡೋಣ ಎಂದು ಎದ್ದು, ಹಾಳೆ ಮಡಚಿ, "ತಾಮೀ" ಎನ್ನುವವರೆಗೆ ಬರೆದೂಬಿಟ್ಟಿದ್ದೆ. ಕೈ ನಿಂತಿತು.

ಎಂಥ ಮುದುಕ! ಕಚೇರಿಯವರೆಲ್ಲ ತಿರುಗಿ ನೋಡುವ ಹಾಗೆ ನಕ್ಕೆ. ಆದರೆ ನಗುವಾಗಲೂ ಕಣ್ಣು ಕಪಾಟಿನ ಮೇಲೆಯೇ ಇತ್ತು. ನಿಜವಾಗಿ ಬಂದಿದ್ದರೆ? ಅವನು ಸತ್ಯವಂತ, ನನ್ನಂಥವನಲ್ಲ. ಅರ್ಧ ಗಂಟೆ ಹಾಳೆಯ ಸುತ್ತ ತಿರುಗಾಡಿದೆ. ಕೊನೆಗೆ ಹೊಸ ಹಾಳೆ ತೆಗೆದು ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದೆ. ಅದರ ಕೆಳಗೆ, "ನಿಮ್ಮ ೩೧ನೇ ನಂಬರಿನ ಕಾಗದ ನನಗೆ ಮುಟ್ಟಿಲ್ಲ" ಎಂದು ಬರೆದು, ಮನಸ್ಸು ಬದಲಾಗುವ ಮುಂಚೆ ಟಪಾಲಿಗೆ ಹಾಕಿಸಿದೆ.

ಐದು ದಿನ ಮೊಣಕಾಲು ಕುಣಿಯಿತು.

ಆರನೆಯ ದಿನ ಅದೇ ಹಾಳೆ ತಿರುಗಿ ಬಂತು. ನಾನು ಬಿಟ್ಟಿದ್ದ ಖಾಲಿ ಅರ್ಧದಲ್ಲಿ, ಕಲ್ಲಿನಲ್ಲಿ ಕಡಿದಂಥ ಅಕ್ಷರದಲ್ಲಿ, ಎರಡೇ ಶಬ್ದ ಇದ್ದವು: ದಾಖಲ್ ದಫ್ತರ್.